ಪರದೆಗೆ ಬದಲಾಗಿ ಕಾಗದ

ಕಾಪುವಿನ ಆ ಮನೆಗೆ ನಾನು ಮೊದಲ ಸಲ ಹೋದಾಗ ಟಿವಿ ಹಾಕಿಯೇ ಇತ್ತು. ಪರದೆ ಪೂರ್ತಿ ಕಪ್ಪು. ಅದರ ಮುಂದೆ ಸ್ಟೂಲಿನ ಮೇಲೆ ದಪ್ಪ ಕೀಬೋರ್ಡಿನಂತೆ ಕಾಣುವ ಬೂದು ಪೆಟ್ಟಿಗೆಯೊಂದಿತ್ತು. ಕೀಲಿಗಳ ಮೇಲೆ ಇಂಗ್ಲಿಷ್ ಅಕ್ಷರಗಳ ಪಕ್ಕದಲ್ಲೇ ಅರಬ್ಬಿ ಅಕ್ಷರಗಳು. ಪೆಟ್ಟಿಗೆಯಿಂದ ಹೊರಟ ಒಂದು ವಯರು ನೆಲದ ಮೇಲೆ ಹರಿದು, ಕಿಟಕಿಯ ಬಳಿ ಒರಗುಕುರ್ಚಿಯಲ್ಲಿ ಕುಳಿತಿದ್ದವರ ಬಲಗೈ ಹೆಬ್ಬೆರಳಿನ ಕೆಳಗೆ ಮುಗಿಯುತ್ತಿತ್ತು. ಅಲ್ಲಿ ಕರೆಗಂಟೆಯ ಗುಂಡಿಯಂತಹ ಒಂದು ಸ್ವಿಚ್ಚು.

"ಟಿವಿ ಬಂದ್ ಮಾಡಿದ್ರೆ ಇವರಿಗೆ ಬೇಜಾರಾಗ್ತದೆ ಮೇಡಂ. ಅದಕ್ಕೆ ಹಾಗೇ ಬಿಟ್ಟಿದ್ದೇನೆ" ಎಂದರು ಅವರ ಪತ್ನಿ.

ನಾನು ಮಣಿಪಾಲದ ಒಂದು ಆಸ್ಪತ್ರೆಯ ಉಪಕರಣ ದುರಸ್ತಿ ವಿಭಾಗದಲ್ಲಿದ್ದೆ. ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ತೀವ್ರ ನಿಗಾ ಘಟಕದ ಮಾನಿಟರುಗಳು, ಸಿರಿಂಜ್ ಪಂಪುಗಳು, ವೆಂಟಿಲೇಟರುಗಳು ನನ್ನ ಪಾಲಿಗೆ ಬಂದಿದ್ದವು. ಈ ಮನೆಗೆ ಕಳಿಸಿದ್ದು ನರರೋಗ ವಿಭಾಗದ ವೈದ್ಯೆ. ಅವರು ನಮ್ಮ ಬೆಂಚಿನ ಹತ್ತಿರ ನಿಂತುಕೊಂಡೇ ವಿಷಯ ಹೇಳಿದ್ದರು. ರೋಗಿಗೆ ಸ್ನಾಯುಗಳನ್ನು ಒಂದೊಂದಾಗಿ ಸೋಲಿಸುವ ಕಾಯಿಲೆ. ಮಾತು ಹೋಗಿ ಬಹಳ ಕಾಲವಾಯಿತು. ಕೈಕಾಲು ಹೋಗಿದೆ, ಒಂದು ಹೆಬ್ಬೆರಳು ಉಳಿದಿದೆ. ಈಗ ಉಸಿರಾಟ ಸೋಲುತ್ತಿದೆ. ಇನ್ನೊಮ್ಮೆ ಎದೆಯಲ್ಲಿ ಸೋಂಕು ಕಾಣಿಸಿಕೊಂಡರೆ ಗಂಟಲಿಗೆ ರಂಧ್ರ ಮಾಡಿ ಟ್ಯೂಬ್ ಹಾಕಿ ವೆಂಟಿಲೇಟರಿಗೆ ಜೋಡಿಸಬೇಕು. ಜೋಡಿಸಿದ ಮೇಲೆ ಬಿಡಿಸುವುದು ಸಾಧ್ಯವಾಗಲಿಕ್ಕಿಲ್ಲ. ಬೇಕೋ ಬೇಡವೋ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

"ಕಣ್ಣು ಮೇಲೆ ಮಾಡಿದರೆ ಹೌದು, ಕೆಳಗೆ ಮಾಡಿದರೆ ಅಲ್ಲ. ಬೇರೆ ಎಲ್ಲ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಡ್ತಾರೆ. ಟ್ಯೂಬಿನ ಮಾತೆತ್ತಿದರೆ ಮಾತ್ರ ಎರಡೂ ಕಣ್ಣು ಮುಚ್ಚಿಕೊಂಡುಬಿಡ್ತಾರೆ. ಬರೆದು ಹೇಳ್ತೀರಾ ಅಂತ ಕೇಳಿದೆ. ಕಣ್ಣು ಮೇಲೆ ಮಾಡಿದರು. ಆದರೆ ಬರೆಯುವ ಯಂತ್ರ ಕೆಟ್ಟಿದೆ" ಎಂದಿದ್ದರು ವೈದ್ಯೆ.

ರೋಗಿ ಕುವೈತಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ತಂತ್ರಜ್ಞರಾಗಿದ್ದವರು. ಅಲ್ಲಿ ಯುದ್ಧವಾಗುವ ಮೊದಲಿನ ಒಂದು ರಜೆಯಲ್ಲಿ ಈ ಕಂಪ್ಯೂಟರನ್ನು ಊರಿಗೆ ತಂದಿಟ್ಟಿದ್ದರು. ಟಿವಿಗೆ ಜೋಡಿಸಿ, ಟೇಪ್‌ರೆಕಾರ್ಡರಿನ ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಿಸುವ ಕಾಲದ ಯಂತ್ರ. ಯುದ್ಧದಲ್ಲಿ ಉಳಿದ ಸಾಮಾನೆಲ್ಲ ಅಲ್ಲೇ ಹೋಯಿತು. ಕಾಯಿಲೆಯ ಹೆಸರು ಗೊತ್ತಾದ ವರ್ಷ, ಬೆರಳುಗಳು ಇನ್ನೂ ಕೆಲಸ ಮಾಡುತ್ತಿದ್ದಾಗಲೇ, ಮುಂದೆ ಬೇಕಾಗುತ್ತದೆಂದು ಅವರೇ ಈ ಪ್ರೋಗ್ರಾಂ ಬರೆದುಕೊಂಡರು. ಪರದೆಯ ಮೇಲೆ ಅಕ್ಷರಗಳ ಸಾಲುಗಳು. ಒಂದು ಬೆಳಕಿನ ಪಟ್ಟಿ ಸಾಲಿನಿಂದ ಸಾಲಿಗೆ ಇಳಿಯುತ್ತದೆ, ಒಂದೊಂದು ಸಾಲಿಗೆ ಒಂದೊಂದು ಸ್ವರ. ಬೇಕಾದ ಸಾಲು ಬಂದಾಗ ಹೆಬ್ಬೆರಳು ಒತ್ತಬೇಕು. ಆಗ ಪಟ್ಟಿ ಆ ಸಾಲಿನೊಳಗೆ ಅಕ್ಷರದಿಂದ ಅಕ್ಷರಕ್ಕೆ ಟಕ್ ಟಕ್ ಎಂದು ಸರಿಯುತ್ತದೆ. ಮತ್ತೊಮ್ಮೆ ಒತ್ತಿದರೆ ಆ ಅಕ್ಷರ ಕೆಳಗೆ ಮೂಡುತ್ತದೆ. ಮನೆಮಾತು ತುಳುವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. ನಾನು ಕಲ್ಯಾಣಪುರದವಳು, ಕೊಂಕಣಿ ಮನೆಯವಳು. ನನ್ನ ತುಳು ಅಷ್ಟಕ್ಕಷ್ಟೆ. ಹಾಗಾಗಿ ಆ ಮನೆಯಲ್ಲಿ ನನ್ನೊಡನೆ ಕನ್ನಡವೇ ನಡೆಯುತ್ತಿತ್ತು.

ಪೆಟ್ಟಿಗೆಯನ್ನು ಅಲ್ಲೇ, ಅವರ ಕಣ್ಣಿಗೆ ಕಾಣುವಂತೆ ಬಿಚ್ಚಿದೆ. ಬೋರ್ಡಿನ ತಾಮ್ರದ ಗೆರೆಗಳ ಮೇಲೆ ಅಲ್ಲಲ್ಲಿ ಹಸಿರು ಹಿಡಿದಿತ್ತು. ಕಡಲಿಗೂ ಆ ಮನೆಗೂ ನಡುವೆ ಇದ್ದದ್ದು ಒಂದು ರಸ್ತೆ, ಒಂದಿಷ್ಟು ತೆಂಗು. ಉಪ್ಪುಗಾಳಿಗೆ ಕಿಟಕಿಯ ಕೊಂಡಿಯೇ ಉದುರುವಾಗ ಇದು ಇಷ್ಟು ವರ್ಷ ಬಾಳಿದ್ದೇ ಹೆಚ್ಚು. ವೋಲ್ಟೇಜುಗಳನ್ನು ಅಳೆದೆ, ಸರಿಯಾಗಿದ್ದವು. ಮುಂದೇನೆಂದು ತಿಳಿಯದೆ ತಲೆಯೆತ್ತಿದಾಗ ಅವರು ನನ್ನನ್ನೇ ನೋಡುತ್ತಿದ್ದರು.

ಈ ಯಂತ್ರವನ್ನು ಬಲ್ಲವರು ಎದುರಿಗೇ ಇದ್ದರು. ಆದರೆ ಅವರಿಂದ ಹೌದು, ಅಲ್ಲ ಎಂಬ ಎರಡೇ ಉತ್ತರ ಸಿಗುತ್ತಿತ್ತು. ಪ್ರಶ್ನೆಯನ್ನು ನಾನು ಕಟ್ಟಬೇಕು.

"ಚಿತ್ರ ಒಮ್ಮೆಲೇ ಹೋಯಿತಾ ಸರ್?" ಕಣ್ಣು ಕೆಳಗೆ.

"ನಿಧಾನ ಮಸುಕಾಗಿ ಹೋಯಿತಾ?" ಮೇಲೆ.

"ಚಿತ್ರ ಹೋದ ಮೇಲೂ ಶಬ್ದ ಬರ್ತಿತ್ತಾ?" ಕಣ್ಣು ಮೇಲಕ್ಕೆ ಹೋಗಿ ಅಲ್ಲೇ ನಿಂತಿತು.

"ಅದು ಕರೆಂಟ್ ಹೋಗುವವರೆಗೆ ಮಾತ್ರ" ಎಂದು ಪತ್ನಿ ಸೇರಿಸಿದರು. "ಮತ್ತೆ ಕ್ಯಾಸೆಟ್ ಹಾಕ್ಬೇಕಲ್ಲ? ಟಿವಿಯಲ್ಲಿ ಕಾಣದೆ ನನಗೆ ಹಾಕ್ಲಿಕ್ಕೆ ಬರುವುದಿಲ್ಲ."

ಯಂತ್ರವನ್ನು ಮತ್ತೆ ಚಾಲೂ ಮಾಡಿ, ಕಪ್ಪು ಪರದೆಯ ಮುಂದೆ ಕುಳಿತು ಕೀಲಿಗಳ ಮೇಲೆ ಬೀಪ್ ಎಂಬ ಆಜ್ಞೆಯನ್ನು ಕುರುಡಾಗಿ ಒತ್ತಿದೆ. ಟಿವಿಯಿಂದ ಸಣ್ಣದೊಂದು ಸದ್ದು ಬಂತು. ಅಡುಗೆಮನೆಯತ್ತ ಹೊರಟಿದ್ದ ಪತ್ನಿ ಗಕ್ಕನೆ ನಿಂತರು. ಅಂದರೆ ಮಿದುಳಿನ ಚಿಪ್ ಬದುಕಿದೆ, ಮೆಮೊರಿ ಬದುಕಿದೆ, ಶಬ್ದ, ಕೀಲಿಮಣೆ ಎಲ್ಲ ಸರಿಯಿದೆ. ಚಿತ್ರ ರಚಿಸುವ ಒಂದು ಚಿಪ್ ಮಾತ್ರ ಹೋಗಿದೆ. ಮರುದಿನ ಸಂಕೇತಗಳನ್ನು ಗೆರೆಯಾಗಿ ತೋರಿಸುವ ಆಸಿಲೊಸ್ಕೋಪ್ ತಂದು ನೋಡಿದಾಗ ಅದೇ ಖಚಿತವಾಯಿತು. ಚಿತ್ರದ ಸಂಕೇತ ಹೊರಡಬೇಕಾದ, ಚಿಪ್ಪಿನ ಲೋಹದ ಕಾಲಿನಲ್ಲಿ ಚಪ್ಪಟೆ ಗೆರೆ.

"ಹಾಗಾದ್ರೆ ಒಂದು ಚಿಪ್ ಹಾಕಿದ್ರೆ ಆಯ್ತಲ್ಲ?" ಎಂದರು ಪತ್ನಿ.

"ಸಿಕ್ಕಿದರೆ ಆಯ್ತು ಅಕ್ಕ" ಎಂದೆ.

ಹಳೆಯದನ್ನು ಬಿಟ್ಟು ಹೊಸ ಕಂಪ್ಯೂಟರ್ ತರಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಅದನ್ನೂ ಮಾಡಿದೆ. ವಿಭಾಗದ ಒಂದು ಹಳೆಯ ಪಿಸಿಯನ್ನು ಅನುಮತಿ ಪಡೆದು ಒಯ್ದು, ಅದೇ ತರಹದ ಪ್ರೋಗ್ರಾಂ ಬರೆದು ಮುಂದಿಟ್ಟೆ. ಅವರು ಒಪ್ಪಿ ಕುಳಿತರು. ಆದರೆ ಆ ಹೆಬ್ಬೆರಳು ವರ್ಷಗಳಿಂದ ಕಿವಿ ಹೇಳಿದಂತೆ ನಡೆದದ್ದು. ಸಾಲಿನ ಸ್ವರ ಕೇಳಿದ ಮೇಲೆ ಎಷ್ಟು ತಡೆದು ಒತ್ತಬೇಕೆಂಬುದು ಅದಕ್ಕೆ ರೂಢಿಯಾಗಿತ್ತು. ನನ್ನ ಪಿಸಿಯ ಸ್ವರಗಳು ಬೇರೆ, ನಡೆಯೂ ಒಂದಿಷ್ಟು ಬೇರೆ. ಅಕ್ಷರ ತಪ್ಪುತ್ತಿತ್ತು, ಅಳಿಸಲು ಹೋಗಿ ಇನ್ನೊಂದು ತಪ್ಪುತ್ತಿತ್ತು. ಅರ್ಧ ಪದ ಮುಗಿಯುವಷ್ಟರಲ್ಲಿ ಕುತ್ತಿಗೆಯ ನರಗಳು ಎದ್ದು ಉಸಿರು ಸಿಕ್ಕಿಕೊಂಡಿತು. ಪತ್ನಿ ಬಂದು ಸ್ವಿಚ್ಚನ್ನು ಕೈಯಿಂದ ತೆಗೆದರು. "ಸಾಕು ಮೇಡಂ. ಕಲಿಯುವಷ್ಟು ಉಸಿರು ಇಲ್ಲ ಇವರಲ್ಲಿ."

ಹೀಗೆ ಚಿಪ್ಪಿನ ಹುಡುಕಾಟ ಶುರುವಾಯಿತು.

ಉಡುಪಿಯ ಟಿವಿ ರಿಪೇರಿ ಅಂಗಡಿಗಳಿಂದ ಆರಂಭಿಸಿದೆ. ಚಿಪ್ಪಿನ ಬೆನ್ನ ಮೇಲಿನ ಸಂಖ್ಯೆಯನ್ನು ಬರೆದುಕೊಂಡು ಹೋಗಿದ್ದೆ. ಬಸ್ ನಿಲ್ದಾಣದ ಹಿಂದಿನ ಅಂಗಡಿಯವರು ಚೀಟಿಯನ್ನು ದೂರ ಹಿಡಿದು ಓದಿ, "ಇದು ಟಿವಿಯದ್ದಲ್ಲ, ನನ್ನ ಮದುವೆಗೆ ಮುಂಚಿನದ್ದು" ಎಂದು ವಾಪಸು ಕೊಟ್ಟರು. ವಿಡಿಯೋ ಗೇಮ್ ಪಾರ್ಲರ್ ಮುಚ್ಚಿದವರೊಬ್ಬರ ಗೋದಾಮಿನಲ್ಲಿ ಬೋರ್ಡುಗಳ ರಾಶಿ ಇತ್ತು. ಅರ್ಧ ದಿನ ಕೆದಕಿದಾಗ ಶಬ್ದದ ಚಿಪ್ ಸಿಕ್ಕಿತು, ಮಿದುಳಿನ ಚಿಪ್ ಸಿಕ್ಕಿತು. ಗುಜರಿಯಲ್ಲಿದ್ದ ಹಳೆಯ ಪಿಸಿಯೊಂದರಲ್ಲಿ ಮೆಮೊರಿ ಸಿಕ್ಕಿತು. ಕೆಡದಿದ್ದ ಭಾಗಗಳೆಲ್ಲ ಸಿಕ್ಕವು, ಕೆಟ್ಟದ್ದೊಂದು ಸಿಗಲಿಲ್ಲ. ಹೆಜಮಾಡಿಯಲ್ಲಿ ಇಂಥದೇ ಯಂತ್ರವಿದೆ ಎಂದು ಯಾರೋ ಹೇಳಿದರು. ಹೋಗಿ ನೋಡಿದರೆ ಅದು ಕೀಬೋರ್ಡಿನ ಆಕಾರದ ಆಟದ ಸಾಮಾನು. ಒಳಗೆ ಚಿಪ್ಪಿನ ಜಾಗದಲ್ಲಿ ಕಪ್ಪು ಅಂಟಿನ ಒಂದು ಬೊಟ್ಟು. ಸೈಬರ್ ಕೆಫೆಯಲ್ಲಿ ಕುಳಿತು ಹಳೆಯ ಕಂಪ್ಯೂಟರಿನ ಹವ್ಯಾಸಿಗಳ ಗುಂಪಿನಲ್ಲಿ ಕೇಳಿದೆ. ಹಾಲೆಂಡಿನ ಒಬ್ಬರು ಉತ್ತರಿಸಿದರು, ತಮ್ಮಲ್ಲಿ ಒಂದಿದೆ, ಅಂಚೆಯಲ್ಲಿ ಕಳಿಸುತ್ತೇನೆ ಎಂದು. ಬರಲು ತಿಂಗಳಾಗಬಹುದು, ಕಸ್ಟಮ್ಸಿನಲ್ಲಿ ನಿಂತರೆ ಇನ್ನೂ ಹೆಚ್ಚು. ಕಳಿಸಿ ಎಂದು ಬರೆದೆ. ಅಷ್ಟು ಕಾಲ ಇದೆಯೇ ಎಂದು ವೈದ್ಯೆಯನ್ನು ಕೇಳಿದೆ. ಅವರು ಇಲ್ಲವೆಂದು ತಲೆಯಲ್ಲಾಡಿಸಿದರು.

ನಮ್ಮ ವಿಭಾಗದ ಹಿರಿಯ ತಂತ್ರಜ್ಞರಿಗೆ ನನ್ನ ಓಡಾಟ ತಮಾಷೆಯಾಗಿತ್ತು. "ಅಲ್ಲ ಮಾರಾಯ್ತಿ, ಅಲ್ಲಿ ಎರಡು ವೆಂಟಿಲೇಟರ್ ಬಾಯಿಬಿಟ್ಟು ಕೂತಿವೆ, ನೀನು ಮ್ಯೂಸಿಯಂ ರಿಪೇರಿಗೆ ಹೊರಟಿದ್ದೀಯಲ್ಲ?" ಎನ್ನುತ್ತಿದ್ದರು. ಆದರೆ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ ಅವರೇ ಕೇಳಿದರು: "ಆ ನಿನ್ನ ಯಂತ್ರದಲ್ಲಿ ಅರಬ್ಬಿ ಅಕ್ಷರ ಉಂಟು ಅಂದೆಯಲ್ಲ? ಕುಕ್ಕುಂದೂರಿನಲ್ಲಿ ನನ್ನ ಹೆಂಡತಿಯ ಚಿಕ್ಕಮ್ಮನ ಮನೆ. ಅವರ ಶೋಕೇಸಿನಲ್ಲಿ ಅರಬ್ಬಿ ಟೈಪ್‌ರೈಟರ್ ಒಂದುಂಟು. ಟೈಪ್‌ರೈಟರಿಗೆ ಕಾಗದ ಎಲ್ಲಿ ಹಾಕುವುದು ಅಂತ ನನಗೆ ಇವತ್ತಿಗೂ ಗೊತ್ತಾಗಲಿಲ್ಲ!"

ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ರಿಕ್ಷಾ ಮಾಡಿ ಆ ಮನೆ ಹುಡುಕಿದೆ. ನಡುಕೋಣೆಯ ಗೋಡೆಯುದ್ದಕ್ಕೂ ಗಾಜಿನ ಶೋಕೇಸು. ಗಲ್ಫಿನಿಂದ ಬಂದ ಚಹಾದ ಸೆಟ್, ಥರ್ಮಾಸ್, ಮುಚ್ಚಳ ತೆಗೆಯದ ಸೆಂಟಿನ ಬಾಟಲಿಗಳು. ನಡುವಿನ ಖಾನೆಯಲ್ಲಿ, ಬಂದ ದಿನದ ಪ್ಲಾಸ್ಟಿಕ್ಕಿನಲ್ಲೇ, ಅದೇ ಬೂದು ಪೆಟ್ಟಿಗೆ. ಕೀಲಿಗಳು ಹೊಚ್ಚ ಹೊಸದರಂತೆ ಬೆಳ್ಳಗಿದ್ದವು. ನಾನು ಗಾಜಿಗೆ ಮುಖ ತಾಗಿಸಿ ನಿಂತುಬಿಟ್ಟೆನೆಂದು ಆಮೇಲೆ ಆ ಚಿಕ್ಕಮ್ಮ ಹೇಳಿ ನಕ್ಕರು.

ವಿಷಯ ಕೇಳಿದ ಮೇಲೆ ಅವರು ಬಹಳ ಹೊತ್ತು ಯೋಚಿಸಲಿಲ್ಲ. "ಒಬ್ಬರಿಗೆ ಮಾತು ಬರುವುದಾದರೆ ಕೊಡುವ. ಆದರೆ ಹೊರಗಿನ ಪೆಟ್ಟಿಗೆ ವಾಪಸ್ ಬೇಕು ಆಯ್ತಾ? ಅಲ್ಲಿ ಖಾಲಿ ಕಾಣ್ತದೆ. ಇವರು ದಮ್ಮಾಮಿನಿಂದ ಮೊದಲು ತಂದದ್ದು ಅದು." ಗಂಡ ಧರ್ಮಸ್ಥಳಕ್ಕೆ ಹೋಗಿದ್ದಾರೆ, ಅವರನ್ನೊಂದು ಮಾತು ಕೇಳಬೇಕು, ಭಾನುವಾರ ಬನ್ನಿ ಎಂದರು. ಆ ದಿನ ಸಂಜೆಯೇ ಕಾಪುವಿಗೆ ಫೋನ್ ಮಾಡಿ ಯಂತ್ರ ಸಿಕ್ಕಿದೆ ಎಂದು ಹೇಳಿದೆ. ಗಂಡನಿಗೆ ಹೇಳಿದಾಗ ಅವರು ಕಣ್ಣು ಮೇಲೆ ಮಾಡಿ ಬಹಳ ಹೊತ್ತು ಹಾಗೇ ಇದ್ದರೆಂದು ಪತ್ನಿ ಆಮೇಲೆ ತಿಳಿಸಿದರು.

ಭಾನುವಾರ ನಾನು ಕುಕ್ಕುಂದೂರಿನ ಆ ಮನೆಯ ಜಗಲಿ ಹತ್ತುವಾಗಲೇ ಒಳಗಿನಿಂದ ವಾಸನೆ ಬಂತು. ಟ್ರಾನ್ಸ್‌ಫಾರ್ಮರ್ ಸುಟ್ಟ ವಾರ್ನಿಷಿನ ವಾಸನೆ ನಮ್ಮ ಕೆಲಸದವರಿಗೆ ಬೇಗ ಗೊತ್ತಾಗುತ್ತದೆ.

ಪೆಟ್ಟಿಗೆ ಮೇಜಿನ ಮೇಲಿತ್ತು. ಪ್ಲಾಸ್ಟಿಕ್ ತೆಗೆದು ಮಡಚಿ ಪಕ್ಕಕ್ಕಿಟ್ಟಿದ್ದರು. ಗಂಡ ಹೆಂಡತಿ ಇಬ್ಬರೂ ನಿಂತೇ ಇದ್ದರು.

"ಕೊಡುವ ವಸ್ತು ಹಾಳಾದದ್ದು ಆಗಬಾರದಲ್ಲ ಮೇಡಂ" ಎಂದರು ಆ ಚಿಕ್ಕಮ್ಮ. "ನಡೀತದಾ ಇಲ್ವಾ ಅಂತ ಒಮ್ಮೆ ನೋಡುವ ಅಂತ ಪ್ಲಗ್ ಹಾಕಿದೆವು. ಕೆಂಪು ದೀಪ ಬಂತು. ಚಂದ ಬಂತು ಅಂತ ಹೇಳುವಷ್ಟರಲ್ಲಿ ಹೊಗೆ."

ಗಂಡ ತಲೆ ತಗ್ಗಿಸಿ, "ಸೌದಿಯ ಸಾಮಾನು, ನೂರಹತ್ತು ವೋಲ್ಟಿನದ್ದು. ನನಗೆ ಗೊತ್ತುಂಟು. ಮಿಕ್ಸಿಗೆ ಅಂತ ಸ್ಟೆಪ್‌ಡೌನ್ ಪೆಟ್ಟಿಗೆ ತಂದದ್ದೂ ನಾನೇ. ಆ ಮಿಕ್ಸಿ ಹೋಗಿ ಎಷ್ಟೋ ಕಾಲ ಆಯ್ತು, ಮರೆತೇಹೋಯ್ತು" ಎಂದರು.

ಕರಾವಳಿಯಲ್ಲಿ ಇದು ಹೊಸದಲ್ಲ. ಕುವೈತಿನ ಕರೆಂಟು ನಮ್ಮದರಂತೆಯೇ; ಸೌದಿಯ ಮನೆಗಳಲ್ಲಿ ಅದರ ಅರ್ಧ. ಅಲ್ಲಿಂದ ಬಂದ ಸಾಮಾನಿಗೆ ನಡುವೆ ವೋಲ್ಟೇಜು ಇಳಿಸುವ ಒಂದು ಸ್ಟೆಪ್‌ಡೌನ್ ಇಡಲೇಬೇಕು. ಹೀಗೆ ಸುಟ್ಟುಹೋದ ಗ್ರೈಂಡರುಗಳನ್ನು, ಟೇಪ್‌ರೆಕಾರ್ಡರುಗಳನ್ನು ನೋಡದ ಮನೆ ನಮ್ಮಲ್ಲಿ ಕಡಿಮೆ. ಆದರೂ ಹೋದ ಸಲವೇ ನಾನು ಪ್ಲಗ್ ಹಾಕಬೇಡಿ ಎಂದು ಹೇಳಬಹುದಿತ್ತು ಎಂಬುದು ಹೊಳೆದದ್ದು ಆ ವಾಸನೆಯ ನಡುವೆ ನಿಂತಾಗಲೇ. ಅವರ ಮುಖ ನೋಡಿ, "ಪರವಾಗಿಲ್ಲ, ಚಿಪ್ ಉಳಿದಿರಬಹುದು" ಎಂದೆ. ಚಿಕ್ಕಮ್ಮ ಅಟ್ಟದಿಂದ ಯಂತ್ರದ ರಟ್ಟಿನ ಪೆಟ್ಟಿಗೆಯನ್ನೂ ಇಳಿಸಿ ಕೊಟ್ಟರು. ಅದರೊಳಗೆ ಯಾರೂ ತೆರೆದಿರದ ಕೈಪಿಡಿ ಇತ್ತು. ಅರ್ಧ ಅರಬ್ಬಿ, ಅರ್ಧ ಇಂಗ್ಲಿಷ್.

ಮಣಿಪಾಲದಲ್ಲಿ ಬೆಂಚಿನ ಮೇಲೆ ಬೋರ್ಡನ್ನು ಬಿಡಿಸಿ ನೋಡಿದೆ. ಟ್ರಾನ್ಸ್‌ಫಾರ್ಮರ್ ಕರಕಲಾಗಿತ್ತು. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ ಐದು ವೋಲ್ಟಿನಲ್ಲಿ ಹಿಡಿದಿಡಬೇಕಾದ ರೆಗ್ಯುಲೇಟರ್ ಒಳಗೇ ಶಾರ್ಟ್ ಆಗಿ, ಹೆಚ್ಚಿನ ವೋಲ್ಟೇಜನ್ನು ಚಿಪ್ಪುಗಳ ಮೇಲೆ ಬಿಟ್ಟಿತ್ತು. ಬೇರೆ ಸಪ್ಲೈ ಕೊಟ್ಟು ನೋಡಿದರೆ ಬೋರ್ಡು ಕರೆಂಟನ್ನು ಸುಮ್ಮನೆ ನುಂಗುತ್ತಿತ್ತು. ಯಾವ ಚಿಪ್ ಸತ್ತಿದೆ, ಯಾವುದು ಉಳಿದಿದೆ ಎಂದು ಹೊರಗಿನಿಂದ ಹೇಳುವ ದಾರಿಯಿರಲಿಲ್ಲ. ಚಿತ್ರದ ಚಿಪ್ಪನ್ನು ಜೋಪಾನವಾಗಿ ಬಿಡಿಸಿ, ಕಾಲು ಬಾಗದಂತೆ ಸ್ಪಂಜಿಗೆ ಚುಚ್ಚಿಟ್ಟೆ. ಅದು ಬದುಕಿದೆಯೇ ಎಂದು ತಿಳಿಯಬೇಕಾದರೆ ಒಳ್ಳೆಯ ಬೋರ್ಡೊಂದಕ್ಕೆ ಹಾಕಿ ನೋಡಬೇಕು. ಒಳ್ಳೆಯ ಬೋರ್ಡು ಇದ್ದದ್ದು ಕಾಪುವಿನಲ್ಲಿ ಮಾತ್ರ.

ಆ ಹೊತ್ತಿಗೆ ಕೈಪಿಡಿಯನ್ನು ಪೂರ್ತಿ ಓದಿದ್ದೆ. ಅದರಿಂದ ತಿಳಿದ ಒಂದು ವಿಷಯ ನನ್ನನ್ನು ತಡೆಯಿತು. ಈ ಯಂತ್ರದಲ್ಲಿ ಚಿತ್ರದ ಚಿಪ್ ಚಿತ್ರವನ್ನಷ್ಟೇ ರಚಿಸುವುದಿಲ್ಲ. ಸೆಕೆಂಡಿಗೆ ಐವತ್ತು ಸಲ ಮಿದುಳಿನ ಚಿಪ್ಪನ್ನು ತಟ್ಟಿ ಎಬ್ಬಿಸುವುದೂ ಅದೇ. ಆ ತಟ್ಟುವಿಕೆಗೆ ಎದ್ದಾಗಲೆಲ್ಲ ಮಿದುಳು ಕೀಲಿಗಳನ್ನು ನೋಡುತ್ತದೆ. ಕಾಪುವಿನ ಚಿಪ್ಪಿನಲ್ಲಿ ಚಿತ್ರ ಸತ್ತಿದೆ, ಆದರೆ ಈ ತಟ್ಟುವಿಕೆ ಉಳಿದಿದೆ. ಅದಕ್ಕೇ ನಾನು ಕುರುಡಾಗಿ ಒತ್ತಿದ ಬೀಪ್ ಕೇಳಿಸಿದ್ದು. ಚಿಪ್ಪಿಗೆ ನಲವತ್ತು ಕಾಲು, ಎಲ್ಲವನ್ನೂ ಬೋರ್ಡಿಗೇ ಬೆಸೆದಿದ್ದಾರೆ. ಹಸಿರು ಹಿಡಿದ ತಾಮ್ರದ ಗೆರೆಗಳು ಕಾಯಿಸಿದರೆ ಸಿಪ್ಪೆಯಂತೆ ಏಳುತ್ತವೆ. ತೆಗೆದ ಮೇಲೆ ಕುಕ್ಕುಂದೂರಿನ ಚಿಪ್ ಸತ್ತದ್ದೆಂದು ಗೊತ್ತಾದರೆ, ಹಳೆಯದನ್ನು ಮರಳಿ ಕೂರಿಸಲು ಬೋರ್ಡಿನಲ್ಲಿ ಜಾಗವೇ ಉಳಿಯದಿರಬಹುದು. ಆಗ ಚಿತ್ರವೂ ಇಲ್ಲ, ಶಬ್ದವೂ ಇಲ್ಲ.

ಅದೇ ವಾರ ವೈದ್ಯೆ ಫೋನ್ ಮಾಡಿದರು. ರೋಗಿಗೆ ಕೆಮ್ಮು ಶುರುವಾಗಿತ್ತು.

ನಾನು ಕಾಪುವಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಅವರ ಮುಂದಿಟ್ಟೆ. ಚಿಪ್ಪನ್ನು ತೋರಿಸಿದೆ. "ಬದಲಾಯಿಸುವಾ ಸರ್?" ಎಂದು ಕೇಳಿದೆ. ಅವರು ಕಣ್ಣನ್ನು ಮೇಲೂ ಮಾಡಲಿಲ್ಲ, ಕೆಳಗೂ ಮಾಡಲಿಲ್ಲ. ನನ್ನ ಕೈಯಲ್ಲಿದ್ದ ಚಿಪ್ಪನ್ನು ಬಿಟ್ಟು ಪಕ್ಕದಲ್ಲಿದ್ದ ಕೈಪಿಡಿಯನ್ನು ನೋಡತೊಡಗಿದರು. ನಾನು ಅದನ್ನು ಎತ್ತಿ ಹಿಡಿದು ಒಂದೊಂದೇ ಪುಟ ತಿರುಗಿಸಿದೆ. ಕೊನೆಯ ಪುಟಗಳಲ್ಲಿ ಯಂತ್ರದ ಹಿಂಬದಿಯ ಜೋಡಣೆಗಳ ನಕ್ಷೆ ಇತ್ತು. ಅಲ್ಲಿಗೆ ಬಂದಾಗ ಕಣ್ಣು ಮೇಲಾಯಿತು.

"ಟಿವಿಯ ಜೋಡಣೆಯಾ?" ಕೆಳಗೆ. "ಟೇಪ್‌ರೆಕಾರ್ಡರ್?" ಕೆಳಗೆ. "ಪ್ರಿಂಟರ್?"

ಕಣ್ಣು ಮೇಲಕ್ಕೆ ಹೋಯಿತು.

ಆ ಕ್ಷಣದಲ್ಲೇ ನಾನು ಚಿತ್ರವನ್ನು ಕೈಬಿಟ್ಟೆ. ಚಿಪ್ಪನ್ನು ಸ್ಪಂಜಿನ ಸಮೇತ ಚೀಲಕ್ಕೆ ಹಾಕಿದೆ. ಅಕ್ಷರಗಳ ಸಾಲುಗಳನ್ನು ನೋಡುವ ಅಗತ್ಯ ಅವರಿಗಿರಲಿಲ್ಲ. ಸ್ವರ ಕೇಳಿದರೆ ಸಾಕು. ಪರದೆ ಬೇಕಾದದ್ದು ಓದುವವರಿಗೆ. ಓದುವವರಿಗೆ ಕಾಗದವೂ ಆಗುತ್ತದೆ.

ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದವರು ಹೊರಗಿಟ್ಟಿದ್ದ ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಹಿರಿಯ ತಂತ್ರಜ್ಞರೇ ಕೇಳಿ ತಂದುಕೊಟ್ಟರು. "ತೆಗೆದುಕೋ, ನಿನ್ನ ಟೈಪ್‌ರೈಟರಿಗೆ ಕಾಗದ ಹಾಕುವ ಜಾಗ" ಎಂದರು. ಯಂತ್ರದ ಹಿಂಬದಿಗೆ ಸರಿಹೊಂದುವ ಪ್ಲಗ್ ಎಲ್ಲೂ ಸಿಗಲಿಲ್ಲ. ಕೈಪಿಡಿಯ ನಕ್ಷೆ ನೋಡಿಕೊಂಡು ಕೇಬಲಿನ ತಂತಿಗಳನ್ನು ಒಂದೊಂದಾಗಿ ಬೋರ್ಡಿನ ಹಿಂಭಾಗಕ್ಕೇ ಬೆಸೆದೆ. ತಾಮ್ರ ಏಳಬಾರದೆಂದು ಕಾದ ಬೆಸುಗೆಕಡ್ಡಿಯನ್ನು ಮುಟ್ಟಿಸಿ ಕೂಡಲೇ ತೆಗೆಯುತ್ತಿದ್ದೆ. ಎರಡು ತಂತಿ ಅದಲುಬದಲಾಗಿ ಮೊದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳು ಅಚ್ಚಾದವು. ಅದನ್ನು ಸರಿಪಡಿಸಿದೆ. ಕ್ಯಾಸೆಟ್ಟಿನಿಂದ ಪ್ರೋಗ್ರಾಮನ್ನು ಕುರುಡಾಗಿಯೇ ತುಂಬಿಸಿದೆ. ಅದು ತುಂಬಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಪ್ರೋಗ್ರಾಮನ್ನು ಪೂರ್ತಿಯಾಗಿ ಕಾಗದಕ್ಕಿಳಿಸುವ ಒಂದು ಆಜ್ಞೆ ಇದೆ. ಅದನ್ನು ಒತ್ತಿದೆ. ಪ್ರಿಂಟರ್ ಒಮ್ಮೆ ಗಡಗಡ ಎಂದು ಸುಮ್ಮನಾಯಿತು. ಮತ್ತೆ ಶುರುವಾಯಿತು. ಅವರು ಬೆರಳುಗಳಿದ್ದ ಕಾಲದಲ್ಲಿ ಬರೆದ ಸಾಲುಗಳು ಒಂದರ ಕೆಳಗೊಂದು ಹೊರಬಂದವು. ಅವರು ಅದನ್ನು ನೋಡುತ್ತಿದ್ದರು. ನಾನು ಅವರ ಕಡೆ ನೋಡಲಿಲ್ಲ.

ಪರದೆಗೆ ಬರೆಯುವ ಸಾಲುಗಳನ್ನು ಹುಡುಕಿ, ಕಾಗದಕ್ಕೆ ಬರೆಯುವಂತೆ ತಿದ್ದಿದೆ. ಇದರಲ್ಲಿ ಎರಡು ತೊಡಕಿದ್ದವು. ಅಚ್ಚಾದದ್ದನ್ನು ಅಳಿಸಲು ಬರುವುದಿಲ್ಲ. ಮತ್ತೆ ಅಕ್ಷರಗಳು ಒತ್ತಿದ ಹಾಗೆ ಒಂದೊಂದಾಗಿ ಮೂಡುವುದಿಲ್ಲ. ಅವರು ಸಾಲು ಮುಗಿಸಿ ಕೊನೆಯ ಸ್ವರಕ್ಕೆ ಒತ್ತಿದಾಗಲೇ ಪ್ರಿಂಟರ್ ಇಡೀ ಸಾಲನ್ನು ಒಮ್ಮೆಗೇ ಹೊಡೆಯುತ್ತದೆ. ಎರಡನ್ನೂ ಅವರಿಗೆ ವಿವರಿಸಿದೆ. ಅಡ್ಡಿಯಿಲ್ಲವೆಂದು ಕಣ್ಣು ಮೇಲೆ ಮಾಡಿದರು.

"ಮೊದಲು ಟಿವಿಯಲ್ಲಿ ಎರಡು ಅಕ್ಷರ ಬಂದ ಕೂಡಲೇ ನಾನೇ ಹೇಳಿಬಿಡ್ತಿದ್ದೆ" ಎಂದರು ಪತ್ನಿ. "ನೀರಾ, ಫ್ಯಾನಾ ಅಂತ. ಇವರಿಗೆ ಪೂರ್ತಿ ಬರೆಯುವ ಕಷ್ಟ ಇರಲಿಲ್ಲ. ಈಗ ಕಾಯ್ಬೇಕು ಅಲ್ವಾ?"

"ಕಾಯ್ಬೇಕು ಅಕ್ಕ."

ಸ್ವಿಚ್ಚನ್ನು ಹೆಬ್ಬೆರಳಿನ ಕೆಳಗಿಟ್ಟೆ. ಸ್ವರಗಳು ಏರಿ ಇಳಿದವು. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಬಹಳ ಹೊತ್ತು ಹಿಡಿಯಿತು. ನಡುವೆ ಕೆಮ್ಮು ಬಂದು ನಿಂತರು, ಮತ್ತೆ ಮುಂದುವರಿಸಿದರು. ನಾವಿಬ್ಬರೂ ಖಾಲಿ ಕಾಗದ ನೋಡುತ್ತಾ ನಿಂತೆವು. ಕೊನೆಗೆ ಪ್ರಿಂಟರ್ ಒಮ್ಮೆ ಸರಿದುಹೋಗಿ ಬಂತು. ಪತ್ನಿ ಬಗ್ಗಿ ಓದಿದರು.

ಗಂಜಿಗ್ ಉಪ್ಪು ಕಮ್ಮಿ.

ಗಂಜಿಗೆ ಉಪ್ಪು ಸಾಲದು. ಪತ್ನಿ ಮೊದಲು ನಕ್ಕರು. ಆಮೇಲೆ ಸೆರಗನ್ನು ಬಾಯಿಗಿಟ್ಟುಕೊಂಡರು. "ಇಷ್ಟು ದಿನ ಸಪ್ಪೆ ಗಂಜಿ ಕುಡಿಸಿದೆನಾ ನಾನು? ಡಾಕ್ಟ್ರು ಹೇಳಿದ್ದಾರೆ ಅಂತ ಕಮ್ಮಿ ಹಾಕಿದೆ. ಹೇಳ್ಬಾರದಾ?" ಎಂದು ಕೇಳಿ, ಕೇಳಿದ್ದೇನೆಂದು ತಮಗೇ ಹೊಳೆದು ಸುಮ್ಮನಾದರು. ಗಂಡನ ಕಣ್ಣು ಮೇಲಿತ್ತು. ಆ ಮನೆಯಲ್ಲಿ ನಾನು ಕಂಡ ನಗು ಅದೊಂದೇ.

ಎರಡು ದಿನ ಬಿಟ್ಟು ವೈದ್ಯೆ ಬಂದರು. ಯಂತ್ರ ಕೈಕೊಟ್ಟರೆ ಎಂದು ನನ್ನನ್ನೂ ಕರೆದಿದ್ದರು. ಪತ್ನಿ ಬೆಳಿಗ್ಗೆಯೇ ನೆಲ ಒರೆಸಿ, ಅವರಿಗೆ ಇಸ್ತ್ರಿ ಅಂಗಿ ಹಾಕಿ ಕೂರಿಸಿದ್ದರು. "ಹಾಕಿಸಿಕೊಳ್ತಾರೆ ಡಾಕ್ಟ್ರೇ. ನನಗೆ ಗೊತ್ತುಂಟು. ಮಷೀನು ಮನೆಗೇ ತರಲಿಕ್ಕೆ ಆಗ್ತದಂತೆ ಅಲ್ವಾ? ನಾನು ಎಲ್ಲ ಕಲೀತೇನೆ" ಎಂದು ಬಾಗಿಲಲ್ಲೇ ಹೇಳಿದರು. ನನ್ನ ಕಡೆಗೂ ತಿರುಗಿದರು. "ಕೆಟ್ಟರೆ ಇವರೇ ಇದ್ದಾರಲ್ಲ."

ವೈದ್ಯೆ ಪ್ರಶ್ನೆಯನ್ನು ನಿಧಾನವಾಗಿ, ಯಾವುದನ್ನೂ ಮುಚ್ಚಿಡದೆ ಕೇಳಿದರು. ಟ್ಯೂಬ್ ಹಾಕಿದರೆ ಏನಾಗುತ್ತದೆ, ಹಾಕದಿದ್ದರೆ ಏನಾಗುತ್ತದೆ, ಎರಡನ್ನೂ ಹೇಳಿದರು. ಸ್ವರಗಳು ಶುರುವಾದವು. ಪತ್ನಿ ಪ್ರಿಂಟರಿನ ಪಕ್ಕದಲ್ಲೇ ನಿಂತಿದ್ದರು. ಹೆಬ್ಬೆರಳು ಒತ್ತಿದಾಗಲೆಲ್ಲ ಕಾಗದದತ್ತ ಬಗ್ಗುತ್ತಿದ್ದರು. ಅಲ್ಲಿ ಏನೂ ಇರುತ್ತಿರಲಿಲ್ಲ. ಏನು ಬರೆಯುತ್ತಿದ್ದಾರೆಂದು ಊಹಿಸಿ ಪೂರ್ತಿ ಮಾಡಲು ಎರಡಕ್ಷರವೂ ಇರಲಿಲ್ಲ.

ಮೊದಲ ಸಾಲು ಬಂತು.

ಎಂಕ್ ಟ್ಯೂಬ್ ಬೊಡ್ಚಿ.

ನನಗೆ ಟ್ಯೂಬ್ ಬೇಡ. ಅಷ್ಟು ತುಳು ನನಗೂ ತಿಳಿಯುತ್ತಿತ್ತು. ಸ್ವರಗಳು ನಿಂತಿರಲಿಲ್ಲ, ಅವರು ಇನ್ನೂ ಬರೆಯುತ್ತಿದ್ದರು. ಎರಡನೆಯ ಸಾಲಿಗೆ ಇನ್ನಷ್ಟು ಹೊತ್ತಾಯಿತು.

ಇಲ್ಲಡೇ ಇಪ್ಪುವೆ. ಆಳೆಗ್ ನಿದ್ರೆ ಇಜ್ಜಿ.

ಮನೆಯಲ್ಲೇ ಇರುತ್ತೇನೆ. ಅವಳಿಗೆ ನಿದ್ರೆ ಇಲ್ಲ. ವೈದ್ಯೆಗೆ ಇದರ ಅರ್ಥವನ್ನು ಪತ್ನಿಯೇ ಹೇಳಬೇಕಾಯಿತು. ಮೊದಲಿನದನ್ನು ಹೇಳಿದರು. ಎರಡನೆಯದರ ಕೊನೆಯ ಮಾತನ್ನು ಹೇಳಲಿಲ್ಲ, ಒಳಗೆ ಹೋದರು. ವೈದ್ಯೆ ನನ್ನತ್ತ ನೋಡಿದಾಗ ಅದನ್ನು ನಾನು ಹೇಳಿದೆ.

ಕಣ್ಣಿನಲ್ಲಿ ಹೌದು, ಅಲ್ಲ ಎಂದಷ್ಟೇ ಹೇಳದೆ ಅವರು ಯಾಕೆ ಕಾದರೆಂದು ಆಗ ನನಗೆ ತಿಳಿಯಿತು.

ವೈದ್ಯೆ ಆ ಕಾಗದವನ್ನು ತೂತಿನ ಅಂಚಿನ ಗುಂಟ ಹರಿದು, ಕೆಳಗೆ ಸಹಿ ಹಾಕಿ, ಸಾಕ್ಷಿಯಾಗಿ ನನ್ನಿಂದಲೂ ಹಾಕಿಸಿ, ಫೈಲಿನೊಳಗೆ ಇಟ್ಟುಕೊಂಡರು.

ಮಳೆಗಾಲಕ್ಕೆ ಮೊದಲೇ ರೋಗಿ ತೀರಿಕೊಂಡರು. ಎದೆಯ ಸೋಂಕು ಬಂತು, ಆಸ್ಪತ್ರೆಯಲ್ಲಿ ಫೈಲು ತೆರೆದರು, ಔಷಧ ಕೊಟ್ಟು ಮನೆಗೆ ಕಳಿಸಿದರು. ಅಷ್ಟು ಹೊತ್ತಿಗೆ ಹೆಬ್ಬೆರಳೂ ನಿಂತಿತ್ತು. ಹಾಲೆಂಡಿನ ಪೊಟ್ಟಣ ಅದಾದ ಮೇಲೆ ಬಂತು. ಕುಕ್ಕುಂದೂರಿನ ಪೆಟ್ಟಿಗೆಯನ್ನು ಒರೆಸಿ, ಸ್ಕ್ರೂ ಹಾಕಿ, ಪ್ಲಾಸ್ಟಿಕ್ ಸಮೇತ ಹಿಂತಿರುಗಿಸಿದ್ದೆ. ಅದು ಶೋಕೇಸಿನ ನಡುವಿನ ಖಾನೆಗೆ ಮರಳಿತು. ಅದರ ಚಿಪ್ ನನ್ನಲ್ಲೇ ಉಳಿದಿತ್ತು.

ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ ಪ್ರಿಂಟರ್ ತರಲು ಕಾಪುವಿಗೆ ಹೋದೆ. ಪತ್ನಿ ಟಿವಿಯ ಮೇಲೆ ಬಟ್ಟೆ ಮುಚ್ಚಿದ್ದರು. ಚಹಾ ಕೊಟ್ಟರು. ನಾನು ಕೇಬಲಿನ ಬೆಸುಗೆ ಬಿಡಿಸುವುದನ್ನು ನೋಡುತ್ತಾ ಕುಳಿತಿದ್ದರು.

"ಆ ಕಾರ್ಕಳದ ಚಿಪ್ ಹಾಕಿದ್ದರೆ ಟಿವಿಯಲ್ಲಿ ಬರ್ತಿತ್ತಾ ಮೇಡಂ?"

"ಗೊತ್ತಿಲ್ಲ ಅಕ್ಕ. ಬರ್ತಿತ್ತೇನೋ. ಎಲ್ಲವೂ ಹೋಗುವ ಸಾಧ್ಯತೆಯೂ ಇತ್ತು."

ನಾನು ಕೊನೆಯ ತಂತಿಯನ್ನು ಬಿಡಿಸಿದೆ.

"ಟಿವಿಯಲ್ಲಾಗಿದ್ದರೆ" ಎಂದರು, "ಎರಡು ಅಕ್ಷರ ಬರುವಾಗಲೇ ನಾನು ಟ್ಯೂಬ್ ಬೇಕಂತೆ ಅಂತ ಹೇಳಿ ಬಂದ್ ಮಾಡಿಬಿಡ್ತಿದ್ದೆ."

ಪ್ರಿಂಟರನ್ನು ರಿಕ್ಷಾಕ್ಕೆ ಎತ್ತಿಡಲು ಅವರೂ ಒಂದು ಬದಿ ಹಿಡಿದರು. ಕಂಪ್ಯೂಟರನ್ನು ಮಾತ್ರ ಕೊಡಲಿಲ್ಲ.